ಮನೆಯ ಮೊದಲ ಡಿಗ್ರಿ: ಲೈನ್ ಮನೆಯ ಮಕ್ಕಳಿಗೆ ಒಂದು ಲೆಕ್ಕದ ಪುಸ್ತಕ

ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ತೂಕ ಮುಗಿಸಿ ಬಂದವಳೇ ಒಲೆ ಪಕ್ಕದ ಗೋಡೆ ಮೇಲೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದಳು. ಹತ್ತು ಕಿಲೋಗೆ ಒಂದು ಗೀಟು, ಮಿಕ್ಕಿದ್ದಕ್ಕೆ ಚುಕ್ಕಿ. ಬಟವಾಡೆ ದಿನ ತೋಟದ ಗುಮಾಸ್ತ, ಅಂದರೆ ರೈಟರ್, ಓದಿದ ಲೆಕ್ಕ ಗೋಡೆ ಲೆಕ್ಕಕ್ಕೆ ತಾಳೆಯಾಗದಿದ್ದರೆ ಅವ್ವ ಅಲ್ಲಿಂದ ಕದಲುತ್ತಿರಲಿಲ್ಲ. "ಇನ್ನೊಂದ್ಸಲ ನೋಡಿ ಸಾರ್" ಅನ್ನುತ್ತಿದ್ದಳು, ಅಷ್ಟೇ. ಹೆಚ್ಚಿನ ಸಲ ಗೋಡೆಯೇ ಗೆಲ್ಲುತ್ತಿತ್ತು.

ನಾನು ಕೊಡಗಿನ ಸಿದ್ದಾಪುರದ ಹತ್ತಿರದ ತೋಟವೊಂದರಲ್ಲಿ, ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಬೆಳೆದವಳು. 2018ರಲ್ಲಿ ವಿರಾಜಪೇಟೆಯ ಕಾಲೇಜಿಗೆ ಸೇರಿ 2021ರಲ್ಲಿ ಡಿಗ್ರಿ ಮುಗಿಸಿದೆ. ನಮ್ಮ ಮನೆಯಲ್ಲಿ ನಾನೇ ಮೊದಲು. ಓದಿನಲ್ಲಿ ನಾನು ಮಧ್ಯಮ. ಆದರೆ ಆ ಮೂರು ವರ್ಷದಲ್ಲಿ ಸಿಕ್ಕಿಹಾಕಿಕೊಂಡಿದ್ದು ಓದಿನಲ್ಲಿ ಕಡಿಮೆ, ಕಾಗದ, ತಾರೀಖು, ಪಾಸ್‌ವರ್ಡುಗಳಲ್ಲೇ ಜಾಸ್ತಿ. ಮನೆಯಲ್ಲಿ ಓದಿದ ಅಣ್ಣನೋ ಚಿಕ್ಕಮ್ಮನೋ ಇದ್ದವರಿಗೆ ಇವೆಲ್ಲ ಊಟಕ್ಕೆ ಕೂತಾಗ ಮಾತಿನಲ್ಲೇ ಗೊತ್ತಾಗಿಬಿಡುತ್ತವೆ. ನಮಗೆ ಹೇಳುವವರಿಲ್ಲ. ಕಾಲೇಜಿನವರು ನಮಗೂ ಗೊತ್ತಿದೆ ಅಂದುಕೊಂಡಿರುತ್ತಾರೆ. ಈಗ ನಮ್ಮ ಲೈನಿನ ಮಕ್ಕಳ ಅರ್ಜಿಗಳನ್ನು ಕೂತು ತುಂಬಿಸುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪಿಯುಸಿ ಪರೀಕ್ಷೆ ಮುಗಿದ ವಾರವೇ: ಹೆಸರು ಸರಿ ಇದೆಯಾ ನೋಡಿ

ಮೊದಲ ಕೆಲಸಕ್ಕೆ ಕಾಲೇಜಿನ ಹತ್ತಿರ ಹೋಗಬೇಕಾಗಿಲ್ಲ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕನ್ನೂ ಚಾಪೆ ಮೇಲೆ ಸಾಲಾಗಿ ಇಟ್ಟು ಹೆಸರು ಓದಿ. ಒಂದೊಂದು ಅಕ್ಷರವನ್ನೂ ಓದಿ. ಇನಿಶಿಯಲ್ ಮುಂದಿದೆಯಾ ಹಿಂದಿದೆಯಾ, ಅಪ್ಪನ ಹೆಸರು ಒಂದೇ ಥರ ಇದೆಯಾ, ಹುಟ್ಟಿದ ತಾರೀಖು ಒಂದೇನಾ ನೋಡಿ. ತೋಟದ ಮಕ್ಕಳಲ್ಲಿ ಈ ತೊಂದರೆ ತುಂಬ. ಅಂಗನವಾಡಿಗೆ ಸೇರಿಸುವಾಗ ಯಾರೋ ಬರೆಸಿದ ಹೆಸರು ಒಂದು, ಆಧಾರ್ ಕ್ಯಾಂಪಿನಲ್ಲಿ ಕೇಳಿಸಿಕೊಂಡು ಹೊಡೆದ ಹೆಸರು ಇನ್ನೊಂದು. ಸಾಮಾನ್ಯವಾಗಿ ಎಲ್ಲರೂ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡನ್ನೇ ಮೂಲ ಅಂತ ಹಿಡಿಯುತ್ತಾರೆ. ಅದರಂತೆ ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕ್. ಈ ಕ್ರಮ ತಿರುವುಮುರುವಾದರೆ ಎರಡು ಸಲ ಅಲೆಯುತ್ತೀರಿ.

ಆಮೇಲೆ ನಾಡಕಚೇರಿ. ನಮಗೆ ಅಮ್ಮತ್ತಿ, ನಿಮಗೆ ಸುಂಟಿಕೊಪ್ಪವೋ ನಾಪೋಕ್ಲೋ ಇರಬಹುದು. ಆದಾಯ ಪ್ರಮಾಣಪತ್ರ 5 ವರ್ಷಕ್ಕೆ ಮಾತ್ರ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿಯುತ್ತದೆ, ತಾರೀಖು ನೋಡಿಕೊಳ್ಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಇಲ್ಲ, ಆದರೆ ಆದಾಯದ್ದಕ್ಕೆ ಇದೆ. ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ಉದ್ದದ ಸಂಖ್ಯೆ ಇರುತ್ತದೆ. ಮುಂದೆ ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲಿಗೆ, ಎಲ್ಲದಕ್ಕೂ ಕೇಳುವುದು ಅದನ್ನೇ. ಬರೆದಿಟ್ಟುಕೊಳ್ಳಿ.

ಲೈನ್ ಮನೆಯವರಿಗೆ ಇಲ್ಲಿ ಒಂದು ಕಷ್ಟ ಇದೆ. ಮನೆ ನಮ್ಮ ಹೆಸರಿನಲ್ಲಿಲ್ಲ, ಕಂದಾಯದ ರಶೀದಿ ಇಲ್ಲ, ಕೆಲವರ ರೇಷನ್ ಕಾರ್ಡ್ ಇನ್ನೂ ಬಿಟ್ಟು ಬಂದ ಊರಲ್ಲೇ ಇರುತ್ತದೆ. ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅರ್ಜಿ ಹಿಂದೆ ಹೋಗುತ್ತದೆ. ಹಗಲು ಹೊತ್ತು ಎಲ್ಲರೂ ತೋಟದಲ್ಲಿರುತ್ತೇವೆ, ಮತ್ತೆ ಯಾರು ಸಿಗುತ್ತಾರೆ? ಅರ್ಜಿ ಹಾಕಿದ ಮಾರನೇ ದಿನವೇ ಅವರ ಕಚೇರಿಗೆ ಹೋಗಿ ಯಾವ ತೋಟ, ಯಾವ ಲೈನು, ಎಷ್ಟನೇ ಮನೆ ಅಂತ ಹೇಳಿ ಬನ್ನಿ. ತೋಟದಿಂದ ಅಪ್ಪ-ಅಮ್ಮ ಇಲ್ಲಿ ಕೆಲಸಕ್ಕಿದ್ದಾರೆ, ಇಷ್ಟು ಕೂಲಿ ಅಂತ ಒಂದು ಪತ್ರ ಬರೆಸಿಕೊಳ್ಳಿ. ನಾವು ಸಾಹುಕಾರರ ಹತ್ತಿರ ಕೇಳಲು ಹೆದರಿ ಹದಿನೈದು ದಿನ ಕಳೆದಿದ್ದೆವು. ಕೇಳಿದ ಮೇಲೆ ಅವರು ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಎರಡು ನಿಮಿಷದಲ್ಲಿ ಬರೆದುಕೊಟ್ಟರು.

ಜೂನ್‌ನಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಸರ್ವರ್ ಬೇರೆ ಮಲಗಿರುತ್ತದೆ. ಏಪ್ರಿಲ್‌ನಲ್ಲೇ ಮುಗಿಸಿ.

ಕಾಲೇಜು ಆರಿಸುವಾಗ ಬಸ್ಸು ನೋಡಿ

ಕೋರ್ಸ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬಿಎ ಸಾಕು ಅನ್ನುವವರು, ಬಿಕಾಂ ಆದರೆ ಬ್ಯಾಂಕು ಅನ್ನುವವರು. ನಾನು ಆ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ. ಒಂದು ಮಾತು ಮಾತ್ರ: ಮುಂದೆ ಬಿಎಡ್ ಮಾಡುವ ಯೋಚನೆ ಇದ್ದರೆ ಯಾವ ವಿಷಯ ತೆಗೆದುಕೊಂಡರೆ ಯಾವ ಪಾಠ ಹೇಳಬಹುದು ಅಂತ ಸೇರುವ ಮೊದಲೇ ಕೇಳಿ. ವಿಜ್ಞಾನ ಓದಿದವರಿಗೆ ಪೊನ್ನಂಪೇಟೆಯ ಅರಣ್ಯ ಕಾಲೇಜು, ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇವೆ. ಅವಕ್ಕೆ ಸಿಇಟಿ ಬರೆಯಬೇಕು. ಅದರ ಅರ್ಜಿ ಪಿಯುಸಿ ಪರೀಕ್ಷೆಗೆ ಮುಂಚೆಯೇ ಶುರುವಾಗುತ್ತದೆ, ಫಲಿತಾಂಶ ನೋಡಿ ಹಾಕೋಣ ಅಂತ ಕೂತರೆ ಆಯಿತು ಕಥೆ.

ಡಿಗ್ರಿ ನಾಲ್ಕು ವರ್ಷವಂತೆ ಅಂತ ಇನ್ನೂ ಹೇಳುವವರಿದ್ದಾರೆ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಯೇ.

ಈಗ ಬಸ್ಸು. ನಮ್ಮ ಜಿಲ್ಲೆಗೆ ರೈಲಿಲ್ಲ, ಇರುವುದು ಬಸ್ಸು, ಜೀಪು, ಕಾಲು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಆದರೆ ನಿಮ್ಮ ರೂಟಿನಲ್ಲಿ ಕಾಲೇಜಿನ ಹೊತ್ತಿಗೆ ಬರುವುದು ಸರ್ಕಾರಿ ಬಸ್ಸಾ, ಖಾಸಗಿಯಾ? ಕೊಡಗಿನಲ್ಲಿ ಎಷ್ಟೋ ರೂಟಿನಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಹುಡುಗರು ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು. ಸೇರುವ ಮೊದಲು ಒಂದು ದಿನ ಸುಮ್ನೆ ಅದೇ ಹೊತ್ತಿಗೆ ಹೊರಟು ಹೋಗಿ ಬನ್ನಿ. ಕೊನೆ ಬಸ್ಸು ಎಷ್ಟಕ್ಕೆ, ಇಳಿದ ಮೇಲೆ ತೋಟದೊಳಗೆ ಎಷ್ಟು ನಡೆಯಬೇಕು, ಆ ಹೊತ್ತಿಗೆ ಕತ್ತಲಾಗುತ್ತದಾ, ಎಲ್ಲ ನೋಡಿ. ಸಿದ್ದಾಪುರ, ಪಾಲಿಬೆಟ್ಟ ಕಡೆಯವರಿಗೆ ಆನೆ ವಿಷಯ ನಾನು ಹೇಳಬೇಕಾಗಿಲ್ಲ. ಬೆಳಗ್ಗೆ ಆರೂವರೆಗೆ ಮಂಜಿನಲ್ಲಿ ಒಬ್ಬಳೇ ಮೇನ್ ರೋಡಿಗೆ ನಡೆಯುವುದು ಧೈರ್ಯದ ಮಾತೇ ಅಲ್ಲ, ಅದು ದಡ್ಡತನ. ನಾವು ನಾಲ್ಕು ಜನ ಸೇರದೆ ಗೇಟು ದಾಟುತ್ತಿರಲಿಲ್ಲ. ಒಂದು ಸಲ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ನಾಲ್ವರೂ ವಾಪಸ್ ಬಂದು ಆ ದಿನದ ಇಂಟರ್ನಲ್ ಪರೀಕ್ಷೆ ತಪ್ಪಿಸಿಕೊಂಡೆವು. ಲೆಕ್ಚರರ್‌ಗೆ ಹೇಳಿದಾಗ ನಕ್ಕರು, ಆದರೆ ಮತ್ತೆ ಬರೆಸಿದರು.

ದಾರಿ ಇಷ್ಟು ಕಷ್ಟ ಇದ್ದರೆ ಹಾಸ್ಟೆಲ್ ಕೇಳಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಊಟ, ವಸತಿ ಉಚಿತ. ಅರ್ಜಿ ಆನ್‌ಲೈನಿನಲ್ಲಿ. ಮೊದಲ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಅಷ್ಟಕ್ಕೇ ಬಿಡಬೇಡಿ, ಸೇರದವರ ಸೀಟು ಖಾಲಿ ಆಗುತ್ತದೆ. ವಾರ್ಡನ್ ಹತ್ತಿರ ಹೋಗಿ ಎರಡನೇ ಪಟ್ಟಿ ಯಾವಾಗ ಅಂತ ಕೇಳಿ. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸಿಗದೇ ಹೋದರೆ ವಿದ್ಯಾಸಿರಿ ಅಂತ ಇದೆ, ಊಟ-ವಸತಿ ಖರ್ಚಿಗೆ ಹಣ ಕೊಡುತ್ತಾರೆ.

ವಿದ್ಯಾರ್ಥಿವೇತನ: ನನ್ನ ದುಡ್ಡು ಎಲ್ಲಿ ಹೋಗಿತ್ತು

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಎರಡನೇ ವರ್ಷ ನನ್ನ ಕ್ಲಾಸಿನ ಎಲ್ಲರಿಗೂ ಸ್ಕಾಲರ್‌ಶಿಪ್ ಬಂತು, ನನಗಿಲ್ಲ. ಬ್ಯಾಂಕಿಗೆ ಮೂರು ಸಲ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿದೆ, ಏನೂ ಇಲ್ಲ. ಇಲಾಖೆಯಲ್ಲಿ ಕೇಳಿದರೆ "ಹಾಕಿದೀವಲ್ಲಮ್ಮ, ನಿನ್ ಖಾತೆಗೆ ಹೋಗಿದೆ" ಅಂದರು. ಯಾವ ಖಾತೆ ಅಂತ ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ನನಗಿದ್ದದ್ದೇ ಒಂದು ಖಾತೆ ಅಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು: ಹಿಂದೊಮ್ಮೆ ಸಂತೆ ದಿನ ಸಿಮ್ ತೆಗೆದುಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡಿದ್ದನಲ್ಲ, ಆಗಲೇ ನನ್ನ ಹೆಸರಿನಲ್ಲಿ ಮೊಬೈಲ್ ಖಾತೆಯೊಂದು ತೆರೆದುಕೊಂಡಿತ್ತು. ಆಧಾರ್ ಅದಕ್ಕೆ ಜೋಡಣೆಯಾಗಿತ್ತು. ದುಡ್ಡು ಅಲ್ಲಿ ಹೋಗಿ ಕೂತಿತ್ತು. ಆ ಸಿಮ್ ಅಷ್ಟರಲ್ಲಿ ಕಳೆದೇ ಹೋಗಿತ್ತು.

ಇದರ ಒಳಗುಟ್ಟು ಇಷ್ಟೇ. ಅರ್ಜಿಯಲ್ಲಿ ನೀವು ಯಾವ ಖಾತೆ ಸಂಖ್ಯೆ ಬರೆದರೂ ದುಡ್ಡು ಹೋಗುವುದು ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಅದಕ್ಕೆ ಎನ್‌ಪಿಸಿಐ ಮ್ಯಾಪಿಂಗ್ ಅನ್ನುತ್ತಾರೆ. ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ" ಅಂತ ಕೇಳಿದರೆ ಆಗಿದೆ ಅನ್ನುತ್ತಾರೆ, ಅದು ಬೇರೆ. "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಇದೆಯಾ" ಅಂತಲೇ ಕೇಳಿ. ಇಲ್ಲದಿದ್ದರೆ ಅಲ್ಲೇ ಒಂದು ಫಾರಂ ತುಂಬಿ ಕೊಡಿ.

ಉಳಿದದ್ದು ಹೀಗೆ. ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನದ ಎಸ್ಎಸ್‌ಪಿ ಪೋರ್ಟಲ್‌ನಲ್ಲಿ. ಮೊದಲು ನಿಮ್ಮ ದಾಖಲೆಗಳನ್ನು ಕಾಲೇಜಿನಲ್ಲೇ ಇ-ದೃಢೀಕರಣ ಮಾಡಿಸಬೇಕು. ಅದಕ್ಕೆ ಅಂತ ಒಬ್ಬರನ್ನು ಗೊತ್ತು ಮಾಡಿರುತ್ತಾರೆ, ಯಾರು ಅಂತ ಆಫೀಸಿನಲ್ಲಿ ಕೇಳಿ. ಅವರು ಒಂದು ಸಂಖ್ಯೆ ಕೊಡುತ್ತಾರೆ, ಅರ್ಜಿಗೆ ಅದು ಬೇಕು. ಪ್ರತಿ ವರ್ಷವೂ ಹಾಕಬೇಕು, ಒಂದು ಸಲ ಹಾಕಿದರೆ ಮೂರು ವರ್ಷ ತಾನಾಗೇ ಬರುತ್ತದೆ ಅಂತ ನಂಬಿ ಕೂತವರನ್ನು ನೋಡಿದ್ದೇನೆ. ಮೊಬೈಲ್ ನಂಬರ್ ಕಡೆಗೆ ಗಮನ ಇರಲಿ. ಸೈಬರ್ ಸೆಂಟರಿನವರು ಆತುರಕ್ಕೆ ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಮುಂದಿನ ವರ್ಷ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಆ ಹುಡುಗ ಅಷ್ಟರಲ್ಲಿ ಬೆಂಗಳೂರಿಗೆ ಹೋಗಿರುತ್ತಾನೆ. ನಿಮ್ಮದೇ ನಂಬರ್ ಹಾಕಿಸಿ, ಪಾಸ್‌ವರ್ಡ್ ಪುಸ್ತಕದಲ್ಲಿ ಬರೆದುಕೊಳ್ಳಿ. ಪಾಸ್‌ವರ್ಡ್ ಬರೆದಿಡಬಾರದು ಅಂತ ಓದಿದವರು ಹೇಳುತ್ತಾರೆ. ನಾನಂತೂ ಬರೆದಿಡಿ ಅನ್ನುತ್ತೇನೆ.

ತೋಟದ ಮಕ್ಕಳು ಇನ್ನೆರಡು ಬಾಗಿಲು ತಟ್ಟಬೇಕು. ಕಾರ್ಮಿಕ ಕಲ್ಯಾಣ ಮಂಡಳಿ ಕಾರ್ಮಿಕರ ಮಕ್ಕಳಿಗೆ ಓದಿನ ಸಹಾಯಧನ ಕೊಡುತ್ತದೆ. ನಿಮ್ಮ ತೋಟದಿಂದ ಮಂಡಳಿಗೆ ವಂತಿಗೆ ಹೋಗುತ್ತದಾ ಅಂತ ರೈಟರ್ ಹತ್ತಿರ ಕೇಳಿ. ಕಾಫಿ ಮಂಡಳಿಯೂ ತೋಟ ಕಾರ್ಮಿಕರ ಮಕ್ಕಳಿಗೆ ಶಿಷ್ಯವೇತನ ಕೊಟ್ಟುಕೊಂಡು ಬಂದಿದೆ. ಈ ವರ್ಷದ ಅರ್ಜಿ ಬಿಟ್ಟಿದ್ದಾರಾ ಅಂತ ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ವಿಚಾರಿಸಿ. ಎರಡು ಕಡೆಯಿಂದ ತೆಗೆದುಕೊಳ್ಳಬಹುದಾ ಅಂತಲೂ ಅಲ್ಲೇ ಕೇಳಿ, ಕೆಲವಕ್ಕೆ ಒಂದೇ ಅಂತ ಷರತ್ತಿರುತ್ತದೆ.

ಕ್ಲಾಸಿನೊಳಗೆ

ನಾನು ಸೇರಿದ ವರ್ಷ, 2018ರ ಆಗಸ್ಟ್‌ನಲ್ಲಿ, ಗುಡ್ಡ ಕುಸಿಯಿತು. ಮಡಿಕೇರಿ-ಸಂಪಾಜೆ ರಸ್ತೆಯೇ ಇಲ್ಲದಂತಾಯಿತು. ಮೊದಲ ಸೆಮಿಸ್ಟರ್ ಹೇಗೆ ಹೋಯಿತು ಅಂತ ಗೊತ್ತಾಗಲಿಲ್ಲ. ಫಲಿತಾಂಶ ಬಂದಾಗ ಇಂಗ್ಲಿಷ್‌ನಲ್ಲಿ ಫೇಲ್. ನಾನು ಮನೆಯಲ್ಲಿ ಹೇಳಲೇ ಇಲ್ಲ. ನಮ್ಮಲ್ಲಿ ಫೇಲ್ ಅಂದರೆ ಮುಗಿಯಿತು, ಮಾರನೇ ದಿನದಿಂದ ತೋಟ. ಹತ್ತನೇ ಕ್ಲಾಸಿನಲ್ಲಿ ಫೇಲಾದ ನಮ್ಮಣ್ಣನಿಗೆ ಹಾಗೇ ಆಗಿತ್ತು. ಎರಡು ವಾರ ಕಾಲೇಜಿಗೆ ಅಂತ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಂದಿದ್ದೇನೆ. ಕೊನೆಗೆ ಲೈಬ್ರರಿಯವರೇ ನೋಡಿ ಕರೆದು ಹೇಳಿದರು: ಅದು ಬ್ಯಾಕ್‌ಲಾಗ್, ಅದನ್ನು ಇಟ್ಟುಕೊಂಡೇ ಮುಂದಿನ ಸೆಮಿಸ್ಟರ್ ಓದಬಹುದು, ಮತ್ತೆ ಬರೆದರಾಯಿತು. ಅವರಿಗೆ ಅದು ದಿನಾ ಹೇಳುವ ಮಾತು.

ಹಾಗಾಗಿ ಮೊದಲ ತಿಂಗಳಲ್ಲೇ ಕಾಲೇಜಿನಲ್ಲಿ ಮೂವರನ್ನು ಪರಿಚಯ ಮಾಡಿಕೊಳ್ಳಿ. ಆಫೀಸಿನ ಗುಮಾಸ್ತರು ಒಬ್ಬರು, ಲೆಕ್ಚರರ್ ಒಬ್ಬರು, ನಿಮ್ಮದೇ ಕೋರ್ಸಿನ ಸೀನಿಯರ್ ಒಬ್ಬರು. ಸೀನಿಯರ್ ಕೂಡ ಮನೆಯಲ್ಲಿ ಮೊದಲನೆಯವರೇ ಆಗಿದ್ದರೆ ಒಳ್ಳೆಯದು, ಅವರಿಗೆ ನಮ್ಮ ಪ್ರಶ್ನೆ ದಡ್ಡ ಪ್ರಶ್ನೆ ಅನ್ನಿಸುವುದಿಲ್ಲ. ಗುಮಾಸ್ತರ ಹತ್ತಿರ ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಇದು ಯಾವ ನಿಯಮದಲ್ಲೂ ಇಲ್ಲ, ಅನುಭವದ ಮಾತು.

ಹಾಜರಿ ಶೇಕಡಾ 75 ಇರಬೇಕು. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ರಜೆ ಕೊಟ್ಟರು ಅಂತ ವಾಟ್ಸಾಪಿನಲ್ಲಿ ಬಂದ ತಕ್ಷಣ ಹೊದ್ದು ಮಲಗಬೇಡಿ. ಆದೇಶ ಪೂರ್ತಿ ಓದಿ, ಎಷ್ಟೋ ಸಲ ಅದು ಅಂಗನವಾಡಿಯಿಂದ ಪಿಯುಸಿವರೆಗೆ ಮಾತ್ರ ಇರುತ್ತದೆ. ಇಂಟರ್ನಲ್ ಅಂಕಗಳು ಕೈಯಲ್ಲಿರುವ ದುಡ್ಡಿದ್ದಂತೆ, ಅಸೈನ್‌ಮೆಂಟ್ ಕೊಟ್ಟರೆ ಸಿಗುತ್ತವೆ. ಪರೀಕ್ಷಾ ಶುಲ್ಕ, ಫಲಿತಾಂಶ, ಮರುಮೌಲ್ಯಮಾಪನ ಎಲ್ಲ ಈಗ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಅದರ ಪಾಸ್‌ವರ್ಡೂ ಅದೇ ಪುಸ್ತಕಕ್ಕೆ. ಶುಲ್ಕದ ಕೊನೆ ದಿನ ತಪ್ಪಿದರೆ ದಂಡ, ದಂಡದ ದಿನವೂ ತಪ್ಪಿದರೆ ಆ ಸೆಮಿಸ್ಟರೇ ಹೋಯಿತು.

ಇಂಗ್ಲಿಷ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಮಾಧ್ಯಮದವರಿಗೆ ಮೊದಲ ವರ್ಷ ಕಷ್ಟವೇ. ಬಿಎ, ಬಿಕಾಂನಲ್ಲಿ ಉತ್ತರ ಕನ್ನಡದಲ್ಲಿ ಬರೆಯಬಹುದಾ ಅಂತ ಮೊದಲ ವಾರವೇ ಕೇಳಿ. ನಾನು ಕೇಳಿದ್ದು ಎರಡನೇ ಸೆಮಿಸ್ಟರಿನಲ್ಲಿ.

ಎನ್‌ಸಿಸಿಗೆ ಸೇರುವ ಆಸೆ ಇದ್ದರೆ ಮೊದಲ ವರ್ಷವೇ ಸೇರಿ. ಸಿ ಸರ್ಟಿಫಿಕೇಟ್ ಸಿಗುವುದು ಮೂರನೇ ವರ್ಷಕ್ಕೆ. ಸೇನೆಗೆ ಹೋಗುವವರ ಜಿಲ್ಲೆ ನಮ್ಮದು, ಅದರ ಬೆಲೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕುಯ್ಲು ಬಂದಾಗ

ಇದು ಯಾವ ಕೈಪಿಡಿಯಲ್ಲೂ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಹಣ್ಣು. ಕಿಲೋ ಲೆಕ್ಕದಲ್ಲಿ ದುಡ್ಡು, ಮನೆಯಲ್ಲಿ ಒಂದು ಜೊತೆ ಕೈ ಹೆಚ್ಚಿದ್ದಷ್ಟೂ ಸಂಪಾದನೆ. ಪರೀಕ್ಷೆಯೂ ಹಲವು ಸಲ ಅದೇ ಹೊತ್ತಿಗೆ ಬರುತ್ತದೆ. ಪಕ್ಕದ ಮನೆ ಹುಡುಗಿ ಒಂದು ಕುಯ್ಲಿನಲ್ಲಿ ಸಂಘದ ಸಾಲ ತೀರಿಸಿ ಕಿವಿಗೆ ಓಲೆ ಮಾಡಿಸಿಕೊಂಡಾಗ ಅಪ್ಪ ಏನೂ ಹೇಳದೆ ನನ್ನ ಪುಸ್ತಕದ ಕಡೆ ಒಂದು ಸಲ ನೋಡಿದ್ದು ನನಗೆ ಇನ್ನೂ ನೆನಪಿದೆ.

ಜಗಳ ಆಡಬೇಡಿ, ಲೆಕ್ಕ ಹೇಳಿ. ನಾನು ಪರೀಕ್ಷೆಯ ಟೈಮ್‌ಟೇಬಲ್ ತಂದು ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದೆ. ಈ ಹನ್ನೊಂದು ದಿನ ಬರುವುದಿಲ್ಲ, ಉಳಿದ ಭಾನುವಾರ ಎಲ್ಲ ಬರುತ್ತೇನೆ ಅಂದೆ. ಅವ್ವನಿಗೆ ಗೀಟಿನ ಭಾಷೆ ಅರ್ಥವಾಗುತ್ತದೆ. ಹನ್ನೊಂದು ಎಣಿಸಿ "ಸರಿ" ಅಂದಳು. ಆಮೇಲೆ ಅಪ್ಪನ ಹತ್ತಿರ ಮಾತಾಡಿದ್ದೂ ಅವಳೇ.

ಒಂದು ಸಲವಾದರೂ ಅಪ್ಪ-ಅಮ್ಮನನ್ನು ಕಾಲೇಜಿಗೆ ಕರೆದುಕೊಂಡು ಹೋಗಿ. ಪೇರೆಂಟ್ಸ್ ಮೀಟಿಂಗ್ ದಿನ ಬೇಡ, ಅಲ್ಲಿ ಅವರಿಗೆ ಮುಜುಗರ. ಸಾಮಾನ್ಯ ದಿನ, ಸಂತೆಗೆ ಬಂದಾಗ ಹಾಗೇ. ನಾನು ಕೂರುವ ಬೆಂಚು, ಲೈಬ್ರರಿ, ನೀರು ಕುಡಿಯುವ ನಲ್ಲಿ ತೋರಿಸಿದೆ. ಅವ್ವ ಬೆಂಚಿನ ಮೇಲೆ ಕೂತು ಕೈಯಾಡಿಸಿ, "ಇಷ್ಟು ಗಟ್ಟಿ ಮರ, ಬೀಟೆನಾ?" ಅಂತ ಕೇಳಿದಳು. ಆ ದಿನದಿಂದ ಮದುವೆ ವಿಷಯ ಎತ್ತಿದ ನೆಂಟರಿಗೆ ಉತ್ತರ ಕೊಡುವ ಕೆಲಸ ನನಗೆ ಉಳಿಯಲಿಲ್ಲ.

ಹಾಗೂ ನಡುವೆ ಬಿಡಬೇಕಾಗಿ ಬಂದರೆ ಟಿಸಿ ತೆಗೆದುಕೊಳ್ಳುವ ಮೊದಲು ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಕೆಲಸ ಮಾಡಿಕೊಂಡೇ ಓದಲು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ.

ಪಾಸಾದ ಮೇಲೂ ಕೆಲಸ ಮುಗಿಯುವುದಿಲ್ಲ

ಕೊನೆ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಲಡ್ಡು ಹಂಚಿ, ತಪ್ಪಿಲ್ಲ. ಮಾರನೇ ದಿನ ಆಫೀಸಿಗೆ ಹೋಗಿ. ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್, ಟಿಸಿ, ತಾತ್ಕಾಲಿಕ ಪದವಿ ಪ್ರಮಾಣಪತ್ರ ಕೇಳಿ. ಡಿಗ್ರಿ ಸರ್ಟಿಫಿಕೇಟ್ ಅಂದರೆ ಘಟಿಕೋತ್ಸವದ್ದು, ಅದು ಬೇರೆ. ಅದಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಮಾರ್ಕ್ಸ್ ಕಾರ್ಡನ್ನೇ ಡಿಗ್ರಿ ಅಂದುಕೊಂಡು ವರ್ಷಗಟ್ಟಲೆ ಇದ್ದು, ಕೆಲಸದ ಸಂದರ್ಶನದ ಹಿಂದಿನ ದಿನ ಓಡಾಡಿದವರಿದ್ದಾರೆ. 2023ರಲ್ಲಿ ಶುರುವಾದ ಕೊಡಗು ವಿಶ್ವವಿದ್ಯಾಲಯ ಇರುವುದು ಕುಶಾಲನಗರದ ಹತ್ತಿರ ಚಿಕ್ಕಅಳುವಾರದಲ್ಲಿ. ಅದಕ್ಕೂ ಮೊದಲು ಸೇರಿದ ನಮ್ಮಂಥವರದ್ದು ಮಂಗಳೂರು ವಿಶ್ವವಿದ್ಯಾಲಯ, ಘಾಟಿ ಇಳಿದು ಕೊಣಾಜೆಗೆ ಹೋಗಬೇಕು. ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಹೆಸರಿದೆ ನೋಡಿ ಹೊರಡಿ.

ಎಲ್ಲವನ್ನೂ ಡಿಜಿಲಾಕರ್‌ನಲ್ಲಿ ಹುಡುಕಿ ಇಳಿಸಿಕೊಳ್ಳಿ, ಸಿಗದಿದ್ದರೆ ಸ್ಕ್ಯಾನ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳು ಹೋದಾಗ ನನ್ನ ಜೊತೆ ಓದುತ್ತಿದ್ದವಳೊಬ್ಬಳು ಪರಿಹಾರ ಕೇಂದ್ರದಲ್ಲಿ ಕೂತು ಅತ್ತಿದ್ದು ಪಾತ್ರೆಗಲ್ಲ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿಗೆ.

ಕೆಲಸ ಸಿಗುವುದು ತಡವಾದರೆ ಯುವನಿಧಿ ಇದೆ. ಡಿಗ್ರಿ ಮುಗಿದು 180 ದಿನ ಆದರೂ ಕೆಲಸ ಇಲ್ಲ, ಮುಂದೆ ಓದುತ್ತಲೂ ಇಲ್ಲ ಅಂದರೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಸೇವಾಸಿಂಧುವಿನಲ್ಲಿ. 2022-23ರಲ್ಲಿ ಮತ್ತು ಅದರ ನಂತರ ಪಾಸಾದವರಿಗೆ. ನನಗೆ ಸಿಗಲಿಲ್ಲ, ನನ್ನ ತಂಗಿಗೆ ಸಿಕ್ಕಿತು.

ಇನ್ನೊಂದು ಮಾತು. ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುಂದೆ ಅದರ ಮೇಲೆ ಎಲ್ಲಾದರೂ ಸೀಲು ಹಾಕಬೇಕಾಗಿ ಬಂದರೆ ತೊಂದರೆ. ಫ್ರೇಮ್ ಹಾಕಿ ಗೋಡೆಗೂ ತೂಗಬೇಡಿ. ನಮ್ಮ ಮಳೆಗೆ ಗೋಡೆ ಬೆವರುತ್ತದೆ, ಎರಡು ವರ್ಷದಲ್ಲಿ ಕಾಗದಕ್ಕೆ ಬೂಸು ಹಿಡಿಯುತ್ತದೆ. ಅವ್ವ ಮಾತ್ರ ಹಟ ಹಿಡಿದಳು, ಗೀಟು ಎಳೆಯುತ್ತಿದ್ದ ಜಾಗದ ಮೇಲೇ ತೂಗಬೇಕು ಅಂತ. ತೂಗಿದ್ದೇವೆ. ಒರಿಜಿನಲ್ ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನ ತಳದಲ್ಲಿದೆ. ಗೋಡೆ ಮೇಲಿರುವುದು ವಿರಾಜಪೇಟೆಯಲ್ಲಿ ತೆಗೆಸಿದ ಕಲರ್ ಜೆರಾಕ್ಸ್ ಅಂತ ಅವ್ವನಿಗೆ ಇನ್ನೂ ಹೇಳಿಲ್ಲ.